ಒಂದೇ ರಾಜದೂತ್ 350, ಎರಡೆರಡು ದಾರಿ: ಚಾರ್ಮಾಡಿಯಲ್ಲಿ ಓಡಿಸಿ ನೋಡಿದ ಹೋಲಿಕೆ

ಚಾರ್ಮಾಡಿ ಘಾಟಿಯ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸಿ, ಮುಂದಿನ ಬ್ರೇಕ್ ಡ್ರಮ್ಮಿನ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದೆ. ಕಾದ ಕಾವಲಿ ಮೇಲೆ ಬಿದ್ದ ಹಾಗೆ ಚುಂಯ್ ಅಂತ ಹಾರಿಹೋದವು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಹೊರಟಾಗ ಎರಡು ಬೆರಳಿಗೆ ಸಿಗುತ್ತಿದ್ದ ಬ್ರೇಕು, ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಬೆರಳು ಹಾಕಿ ಹಿಂಡಿದರೂ ಹಿಡಿಕೆಯ ತನಕ ಬರುತ್ತಿತ್ತು. ಹಿಂದೆ ಕೂತಿದ್ದ ಚಿಕ್ಕಪ್ಪ ಇಳಿದು ಡ್ರಮ್ಮಿನ ಕಡೆ ನೋಡಿ, "ಆಗಲೂ ಹಿಂಗೇ ಇತ್ತು ಕಣೋ. ಆದ್ರೆ ಆಗ ಎದುರಿಗೆ ಇಷ್ಟು ಗಾಡಿ ಬರ್ತಿರಲಿಲ್ಲ" ಅಂದರು.

ನಾನು ಎರಡೂವರೆ ವರ್ಷ ತಲೆಕೆಡಿಸಿಕೊಂಡ ವಿಷಯ ಅವರ ಆ ಎರಡನೇ ಮಾತಿನಲ್ಲಿತ್ತು. ಹಳೇ ಗಾಡಿಯನ್ನು ಕಂಪನಿಯಿಂದ ಬಂದ ಹಾಗೆ ಜೋಡಿಸಿ ನಿಲ್ಲಿಸುವುದು ಒಂದು ಕೆಲಸ. ಇವತ್ತಿನ ರಸ್ತೆಯಲ್ಲಿ, ಇವತ್ತಿನ ಪೆಟ್ರೋಲಿನಲ್ಲಿ, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಧೈರ್ಯವಾಗಿ ಓಡಿಸುವುದು ಬೇರೆಯೇ ಕೆಲಸ. ಎಲ್ಲೆಲ್ಲಿ ಎರಡು ದಾರಿ ಇದ್ದವೋ ಅಲ್ಲೆಲ್ಲ ಎರಡನ್ನೂ ಇದೇ ಗಾಡಿಗೆ ಹಾಕಿ, ಮೂಡಿಗೆರೆಯಿಂದ ಉಜಿರೆಗೆ ಇಳಿದು ಹತ್ತುವ ಇದೇ ರಸ್ತೆಯಲ್ಲಿ ಓಡಿಸಿ ನೋಡಿದ್ದೇನೆ. ಒಂದು ನಿಯಮ ಮಾತ್ರ ಮೊದಲೇ ಇಟ್ಟುಕೊಂಡಿದ್ದೆ: ಮೂಲ ಭಾಗವನ್ನು ಕೊರೆಯಬಾರದು, ಕತ್ತರಿಸಬಾರದು, ವೆಲ್ಡಿಂಗ್ ಮಾಡಬಾರದು. ನಟ್ಟು ಬಿಚ್ಚಿದರೆ ಗಾಡಿ ಮತ್ತೆ ಮೊದಲಿನಂತೆ ಆಗಬೇಕು.

ಗಾಡಿ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ರಾಜದೂತ್ ಆದರೂ ಇದರ ಹುಟ್ಟು ಯಮಾಹಾ ಮನೆಯಲ್ಲಿ. ಜಪಾನಿನ ಆರ್‌ಡಿ 350 ಬಂದದ್ದು 1973ರಲ್ಲಿ. 1976ರ ಹೊತ್ತಿಗೆ ಅದರ ಜಾಗಕ್ಕೆ ಆರ್‌ಡಿ 400 ಬಂದಾಗಿತ್ತು. ನಮ್ಮಲ್ಲಿ ಎಸ್ಕಾರ್ಟ್ಸ್ ಕಂಪನಿ ಅದೇ 350ಯನ್ನು 1983ರಲ್ಲಿ ರಸ್ತೆಗಿಳಿಸಿತು. 347 ಸಿಸಿ, ಜೋಡಿ ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರು. ಜಪಾನಿನದು 39 ಎಚ್‌ಪಿ ಕೊಡುತ್ತಿತ್ತು. ನಮ್ಮ ಪೆಟ್ರೋಲ್ ಖರ್ಚಿಗೆ ಹೊಂದಿಸಲು ಶಕ್ತಿ ಇಳಿಸಿದರು: ಮೊದಲು ಬಂದ ಹೈ ಟಾರ್ಕ್ ಮಾದರಿಗೆ 30.5, ಆಮೇಲಿನ ಲೋ ಟಾರ್ಕ್‌ಗೆ 27. ಹೊರದೇಶದಲ್ಲಿ ಮಾರಿದ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮ್ಮದಕ್ಕೆ ಡ್ರಮ್ ಹಾಕಿದರು. ಶಕ್ತಿ ಇಳಿಸಿದ್ದಕ್ಕೆ ನನ್ನ ತಕರಾರಿಲ್ಲ. ಡಿಸ್ಕ್ ತೆಗೆದದ್ದಕ್ಕೆ ಇದೆ.

ಚಿಕ್ಕಪ್ಪ 1984ರಲ್ಲಿ ಕೊಂಡ ಹೈ ಟಾರ್ಕ್ ಇದು. ಏಳು ವರ್ಷ ಓಡಿಸಿ, ಪೆಟ್ರೋಲ್ ಹಾಕಿ ಸಾಕಾಗಿ ಕಾಫಿ ಗೋಡೌನಿನಲ್ಲಿ ನಿಲ್ಲಿಸಿದ್ದರು. ನಾನು ಗೋಣಿಚೀಲ ಸರಿಸಿದಾಗ ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿತ್ತು, ಟ್ಯಾಂಕಿನ ಒಳಗೆ ಕೆಮ್ಮಣ್ಣಿನ ಬಣ್ಣದ ತುಕ್ಕು. ಕಿಕ್ಕರ್ ಮಾತ್ರ ಹಿಡಿದುಕೊಂಡಿರಲಿಲ್ಲ. ಆ ಒಂದು ಕಾರಣಕ್ಕೆ ಕೈ ಹಾಕಿದೆ.

ಹೋಲಿಕೆಗೂ ಮುಂಚೆ ಎಂಜಿನ್

ಇಲ್ಲಿ ಎರಡು ದಾರಿ ಇಲ್ಲ, ಅದಕ್ಕೇ ಬೇಗ ಹೇಳಿ ಮುಗಿಸುತ್ತೇನೆ. ಮೂವತ್ತು ವರ್ಷ ನಿಂತ ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ) ಎರಡೂ ಬದಿಯ ಆಯಿಲ್ ಸೀಲು ಗಟ್ಟಿಯಾಗಿ ಸೀಳಿರುತ್ತವೆ. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲ್ಲನ್ನೇ ಎಂಜಿನ್ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಬದಿಯ, ಮೆಕ್ಯಾನಿಕ್ಕುಗಳು ಮ್ಯಾಗ್ನೆಟ್ ಕಡೆ ಅನ್ನುವ ಸೀಲು ಹೋದರೆ ಹೊರಗಿನ ಗಾಳಿ ನುಗ್ಗಿ ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗಿ, ಯಾವ ಸೂಚನೆಯೂ ಇಲ್ಲದೆ ಪಿಸ್ಟನ್ ತೂತಾಗುತ್ತದೆ.

ಹಾಸನದ ಮೆಕ್ಯಾನಿಕ್ ಸಾಬ್ರು ಇದನ್ನು ಪರೀಕ್ಷಿಸುವ ರೀತಿ ನೋಡಿಯೇ ಅವರ ಹತ್ತಿರ ಕೆಲಸ ಕೊಟ್ಟೆ. ಇನ್‌ಟೇಕ್, ಎಕ್ಸಾಸ್ಟ್ ಬಾಯಿಗಳಿಗೆ ರಬ್ಬರ್ ಮುಚ್ಚಳ ಬಿಗಿದು, ಪ್ಲಗ್ಗಿನ ತೂತಿನಿಂದ ಒಳಕ್ಕೆ ಗಾಳಿ ತುಂಬಿದರು. ತುಂಬಿದ್ದು ಡಾಕ್ಟರು ಬಿಪಿ ನೋಡುವ ಹಳೇ ಯಂತ್ರದ ಬಲ್ಬಿನಿಂದ! ಮುಳ್ಳು 300ಕ್ಕೆ ಹೋದರೆ ಸುಮಾರು 6 ಪಿಎಸ್‌ಐ ಒತ್ತಡ. ಹೊಸ ಸೀಲು ಹಾಕುವ ಮೊದಲು ಮುಳ್ಳು ಕಣ್ಣೆದುರೇ ಜಾರಿತು. ಸೋಪಿನ ನೀರು ಬಳಿದರೆ ಮ್ಯಾಗ್ನೆಟ್ ಕಡೆ ಗುಳ್ಳೆ ಎದ್ದವು. ಕ್ರ್ಯಾಂಕ್ ಬಿಚ್ಚಿ, ಒತ್ತಿ, ನೇರ ಮಾಡಿ, ಹೊಸ ಬೇರಿಂಗ್, ಹೊಸ ಸೀಲು ಹಾಕಿದ ಮೇಲೆ ಐದು ನಿಮಿಷ ಮುಳ್ಳು ಅಲ್ಲೇ ನಿಂತಿತ್ತು. "ಮೇಷ್ಟ್ರೇ, ಇನ್ನು ನೀವು ಏನು ಬೇಕಾದ್ರೂ ಹಾಕಿ ನೋಡಿ" ಅಂದರು. ಎಂಜಿನ್ ಸೋರುತ್ತಿದ್ದರೆ ಮುಂದಿನ ಯಾವ ಹೋಲಿಕೆಗೂ ಬೆಲೆ ಇಲ್ಲ.

ಡ್ರಮ್ಮೋ, ಡಿಸ್ಕೋ

ಮೊದಲು ಡ್ರಮ್ಮಿಗೆ ನ್ಯಾಯವಾಗಿ ಅವಕಾಶ ಕೊಟ್ಟೆ. ಇದು ಸಾಮಾನ್ಯ ಡ್ರಮ್ ಅಲ್ಲ. ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಎರಡು ಶೂಗಳಿಗೂ ಅವನ್ನು ಅಗಲಿಸುವ ಬೇರೆ ಬೇರೆ ಕ್ಯಾಮ್ ಇದ್ದು, ಚಕ್ರ ಮುಂದಕ್ಕೆ ತಿರುಗುವಾಗ ಎರಡೂ ಶೂಗಳನ್ನು ಡ್ರಮ್ಮೇ ತನ್ನತ್ತ ಎಳೆದುಕೊಳ್ಳುತ್ತದೆ. ಕೈಯಿಂದ ಸ್ವಲ್ಪ ಒತ್ತಿದರೆ ಸಾಕು, ಉಳಿದ ಬಲವನ್ನು ಅದೇ ಸೇರಿಸಿಕೊಳ್ಳುತ್ತದೆ. ಎಷ್ಟೋ ಜನ ಈ ಬ್ರೇಕನ್ನು ಬೈಯುವುದು ಹೊಂದಿಸಲು ಬಾರದೆ. ಎರಡು ಕ್ಯಾಮ್‌ಗಳನ್ನು ಸೇರಿಸುವ ಕಡ್ಡಿಯ ಉದ್ದ ಒಂದು ಸುತ್ತು ಹೆಚ್ಚುಕಮ್ಮಿ ಆದರೂ ಒಂದೇ ಶೂ ಕೆಲಸ ಮಾಡುತ್ತಿರುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ. ಡ್ರಮ್ಮನ್ನು ಲೇತಿಗೆ ಕೊಟ್ಟು ಒಳಮೈ ಸವರಿಸಿ, ಶೂಗಳಿಗೆ ಹೊಸ ಲೈನರ್ ಹಾಕಿಸಿ, ಆ ಲೈನರನ್ನೂ ಡ್ರಮ್ಮಿನ ಸುತ್ತಳತೆಗೆ ಸರಿಯಾಗಿ ಲೇತಿನಲ್ಲಿ ತಿರುಗಿಸಿದೆವು. ಖರ್ಚು ಎಲ್ಲಾ ಸೇರಿ 2,400 ರೂಪಾಯಿ. ಮೂಡಿಗೆರೆ ಪೇಟೆಯಲ್ಲಿ, ಬೇಲೂರು ರಸ್ತೆಯಲ್ಲಿ ಓಡಿಸಿದಾಗ ಇಷ್ಟು ಒಳ್ಳೇ ಬ್ರೇಕ್ ಇರುವಾಗ ಡಿಸ್ಕ್ ಏಕೆ ಅನ್ನಿಸಿದ್ದು ನಿಜ.

ಘಾಟಿ ಇಳಿದಾಗ ಬೇರೆಯೇ ಕಥೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎರಡನೇ ಗೇರಿಗೆ ಹಾಕಿ ಬಿಟ್ಟರೆ ಎಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಹಿಡಿತ ತುಂಬಾ ಕಡಿಮೆ. ಇಬ್ಬರ ಭಾರ, ಇಳಿಜಾರು, ಎಲ್ಲವೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಡ್ರಮ್ ಕಾದಂತೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನರಿನ ಕಚ್ಚುವ ಗುಣವೂ ಇಳಿಯುತ್ತದೆ. ಗುಡಿ ಹತ್ತಿರ ನೀರು ಚುಂಯ್ ಅಂದದ್ದು ಅದಕ್ಕೇ. ಹದಿನೈದು ನಿಮಿಷ ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ. ಆದರೆ ಎದುರಿಗೆ ಬಸ್ಸು ಬಂದಾಗ ಹದಿನೈದು ನಿಮಿಷ ಎಲ್ಲಿಂದ ತರುವುದು?

ಹತ್ತುವಾಗ ಇನ್ನೊಂದು ತೊಂದರೆ ಕಂಡಿತು. ಇದನ್ನು ಯಾರೂ ಹೇಳಿರಲಿಲ್ಲ. ತಿರುವಿನಲ್ಲಿ ಲಾರಿ ಸಿಕ್ಕಿಹಾಕಿಕೊಂಡು ಏರಿನಲ್ಲೇ ನಿಲ್ಲಬೇಕಾಯಿತು. ಮುಂದಿನ ಬ್ರೇಕ್ ಹಿಡಿದರೂ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿತು. ಚಕ್ರ ಮುಂದಕ್ಕೆ ತಿರುಗುವಾಗ ಶೂಗಳನ್ನು ಡ್ರಮ್ಮಿನತ್ತ ಎಳೆಯುವ ಆ ಏರ್ಪಾಡು, ಹಿಂದಕ್ಕೆ ತಿರುಗುವಾಗ ಎರಡನ್ನೂ ಡ್ರಮ್ಮಿನಿಂದ ದೂರ ತಳ್ಳುತ್ತದೆ. ಏರಿನಲ್ಲಿ ನಿಲ್ಲಿಸಲು ಬಲಗಾಲಿನ ಬ್ರೇಕೇ ಗತಿ, ಎಡಗಾಲಿನಲ್ಲಿ ಗಾಡಿ ಮತ್ತು ಚಿಕ್ಕಪ್ಪ ಇಬ್ಬರನ್ನೂ ಹೊರಬೇಕು.

ಡಿಸ್ಕಿಗೆ ಎರಡು ಸಲ ಪ್ರಯತ್ನ ಪಟ್ಟೆ. ಮೊದಲನೆಯದು ಸುಲಭದ ದಾರಿ: ಹೊಸ ಕಾಲದ 150 ಸಿಸಿ ಬೈಕಿನ ಫೋರ್ಕು, 17 ಇಂಚಿನ ಅಲಾಯ್ ಚಕ್ರ, 240 ಮಿ.ಮೀ. ಡಿಸ್ಕು, ಕ್ಯಾಲಿಪರ್ ಎಲ್ಲವನ್ನೂ ಒಟ್ಟಾಗಿ ಗುಜರಿಯಿಂದ ತಂದು ಕೂರಿಸುವುದು. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಬ್ರೇಕ್ ಚೆನ್ನಾಗಿತ್ತು, ಗಾಡಿ ಕೆಟ್ಟಿತು. ಮೂಲ ಚಕ್ರ 18 ಇಂಚಿನದು. ಮುಂಭಾಗ ತಗ್ಗಿದ್ದರಿಂದ ಫೋರ್ಕಿನ ಓರೆ ಕಡಿಮೆಯಾಗಿ, ಎಂಬತ್ತರ ವೇಗದಲ್ಲಿ ಹ್ಯಾಂಡಲ್ ನಡುಗತೊಡಗಿತು. ಸಾಲದ್ದಕ್ಕೆ ಅವರು ನನ್ನನ್ನು ಕೇಳದೆ ಮೂಲ ಹೆಡ್‌ಲೈಟ್ ಕಿವಿಗಳನ್ನು ಕತ್ತರಿಸಿ ಹೊಂದಿಸಿದ್ದರು. ಅಂಥ ಜೋಡಿ ಮತ್ತೆ ಸಿಗಲು ಎಂಟು ತಿಂಗಳು ಬೇಕಾಯಿತು. ಆ ಬೇಸರ ಇವತ್ತಿಗೂ ಇದೆ. ಗಾಡಿ ಕೊಡುವಾಗ "ಇದನ್ನು ಕತ್ತರಿಸಬೇಡಿ" ಅಂತ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ಟ್ಯಾಂಕಿಗೆ ಅಂಟಿಸಿ.

ಎರಡನೇ ಸಲ ಸಾಬ್ರ ಜೊತೆ ಕೂತು ಮಾಡಿದೆ. ಡಿಸ್ಕ್ ಕೂರುವ ಸ್ಪೋಕ್ ಹಬ್ ಹುಡುಕಿ, ಅದಕ್ಕೆ 18 ಇಂಚಿನ ರಿಮ್ ಕಟ್ಟಿಸಿ, ಮೂಲ ಫೋರ್ಕಿನ ಉದ್ದಕ್ಕೆ ಸಮನಾದ ಬೇರೆ ಫೋರ್ಕು ತಂದೆವು. ಮೂಲ ಫೋರ್ಕಿಗೆ ಒಂದು ತೂತೂ ಕೊರೆಯಲಿಲ್ಲ. ಲೇತಿನ ಕೆಲಸ ಸೇರಿ 16,000 ದಾಟಿತು. ಮೊದಲ ಸಲ ಘಾಟಿ ಇಳಿದು ಚಾರ್ಮಾಡಿ ಊರು ಮುಟ್ಟಿದಾಗ ಲಿವರ್ ಕೊಟ್ಟಿಗೆಹಾರದಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು. ಮಳೆಯಲ್ಲೂ ಅಷ್ಟೇ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಒಣಗುವ ತನಕ ಕಾಯಬೇಕು, ಡಿಸ್ಕು ಎರಡು ಸಲ ಹಿಡಿದರೆ ತಾನೇ ಒರೆಸಿಕೊಳ್ಳುತ್ತದೆ.

ನನ್ನ ತೀರ್ಮಾನ: ಬಯಲುಸೀಮೆಯವರು, ಭಾನುವಾರ ಬೆಳಿಗ್ಗೆ ಮಾತ್ರ ಓಡಿಸುವವರು ಡ್ರಮ್ಮನ್ನೇ ಸರಿಯಾಗಿ ಮಾಡಿಸಿಕೊಳ್ಳಿ, ಹಣ ಉಳಿಸಿ. ಘಾಟಿ ಓಡಿಸುವವರು ಡಿಸ್ಕ್ ಹಾಕಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿವರಕ್ಕೆ ಹೊಂದದ ಬದಲಾವಣೆಗಳನ್ನು ತಡೆಯುವುದರಿಂದ, ಕೈ ಹಾಕುವ ಮೊದಲು ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿ.

ಪಂಪೋ, ಕಲಸಿದ ಪೆಟ್ರೋಲೋ

ಬ್ರೇಕಿನ ವಿಷಯ ಎಲ್ಲರೂ ಮಾತಾಡುತ್ತಾರೆ. ಇದನ್ನು ಯಾರೂ ಸರಿಯಾಗಿ ಮಾತಾಡುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಆರ್‌ಡಿಗೆ ಯಮಾಹಾದ ಆಟೋಲ್ಯೂಬ್ ಇದೆ. ಪೆಟ್ರೋಲಿನ ಜೊತೆ ಒಳಗೆ ಹೋಗಿ ಪಿಸ್ಟನ್ನಿಗೆ ಜಿಡ್ಡು ಕೊಡುವ 2ಟಿ ಆಯಿಲ್ಲಿಗೆ ಪ್ರತ್ಯೇಕ ಡಬ್ಬಿ, ಎಂಜಿನ್ನಿನಿಂದ ತಿರುಗುವ ಚಿಕ್ಕ ಪಂಪು, ಎರಡು ಸಿಲಿಂಡರಿಗೂ ಒಂದೊಂದು ಸಣ್ಣ ಕೊಳವೆ. ಆಕ್ಸಿಲರೇಟರ್ ಕೇಬಲ್ ಟ್ಯಾಂಕಿನ ಕೆಳಗೆ ಮೂರಾಗಿ ಒಡೆಯುತ್ತದೆ: ಎರಡು ಕಾರ್ಬುರೇಟರಿಗೆ, ಒಂದು ಪಂಪಿಗೆ. ಹೆಚ್ಚು ತಿರುವಿದಷ್ಟೂ ಹೆಚ್ಚು ಆಯಿಲ್. ನಮ್ಮ ಕಡೆ ಮುಕ್ಕಾಲು ಪಾಲು ಗಾಡಿಗಳಲ್ಲಿ ಈ ಪಂಪನ್ನು ಕಿತ್ತು ಬಾಯಿ ಮುಚ್ಚಿಬಿಟ್ಟಿದ್ದಾರೆ. ಪಂಪ್ ಕೆಟ್ಟರೆ ಎಂಜಿನ್ ಸೀಜ್ ಆಗುತ್ತದೆ ಎಂಬ ಭಯ. ಬದಲಿಗೆ ಪೆಟ್ರೋಲಿಗೇ ಲೀಟರಿಗೆ 30 ಎಂಎಲ್ ಲೆಕ್ಕದಲ್ಲಿ ಆಯಿಲ್ ಕಲಸುತ್ತಾರೆ. ಸಾಬ್ರೂ ಅದನ್ನೇ ಹೇಳಿದ್ದರು. ಒಂದು ವರ್ಷ ಹಾಗೇ ಓಡಿಸಿದೆ.

ಸಮತಟ್ಟಿನಲ್ಲಿ ಕಲಸಿದ ಪೆಟ್ರೋಲಿಗೆ ಯಾವ ದೋಷವೂ ಇಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ ಎಂದರೆ ಆಯಿಲ್ಲೂ ಇದೆ ಎಂದೇ ಅರ್ಥ. ಆ ನೆಮ್ಮದಿ ದೊಡ್ಡದು. ಆದರೆ ಘಾಟಿ ಇಳಿಯುವುದನ್ನು ಯೋಚಿಸಿ. ಗೇರಿನಲ್ಲಿದೆ, ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೀರಿ. ಚಕ್ರ ಎಂಜಿನ್ನನ್ನು ನಾಲ್ಕು ಸಾವಿರ ಆರ್‌ಪಿಎಂನಲ್ಲಿ ತಿರುಗಿಸುತ್ತಿದೆ. ಪೆಟ್ರೋಲ್ ಒಳಕ್ಕೆ ಹೋಗುವುದು ತೊಟ್ಟು ತೊಟ್ಟಾಗಿ. ಆಯಿಲ್ ಇರುವುದು ಪೆಟ್ರೋಲಿನಲ್ಲೇ ಅಲ್ಲವೇ? ಪಿಸ್ಟನ್ ಅಷ್ಟು ವೇಗದಲ್ಲಿ ಓಡಾಡುತ್ತಿರುವಾಗಲೇ ಅದಕ್ಕೆ ಆಯಿಲ್ ನಿಂತುಹೋಗಿರುತ್ತದೆ. ಆಟೋಲ್ಯೂಬ್ ಪಂಪಿಗೆ ಚಾಲನೆ ಎಂಜಿನ್ನಿನಿಂದಲೇ ಸಿಗುವುದರಿಂದ, ಆಕ್ಸಿಲರೇಟರ್ ಬಿಟ್ಟಿದ್ದರೂ ಅದು ಕನಿಷ್ಠ ಪ್ರಮಾಣದಲ್ಲಿ ಆಯಿಲ್ ಹಾಕುತ್ತಲೇ ಇರುತ್ತದೆ.

ಕಲಸಿದ ಪೆಟ್ರೋಲಿನಲ್ಲಿ ಇಳಿಯುವಾಗ ಪ್ರತಿ ತಿರುವಿನ ನಂತರ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ತಿರುವಿ ಬಿಡುವ ಅಭ್ಯಾಸ ಮಾಡಿಕೊಂಡಿದ್ದೆ. ಹಳಬರು ಎಲ್ಲರೂ ಹಾಗೇ ಮಾಡುತ್ತಾರೆ. ಮಂಜಿನಲ್ಲಿ, ಬ್ರೇಕಿನ ಮೇಲೆ ಗಮನವಿಟ್ಟು ಇಳಿಯುವಾಗ ಅದು ಎಷ್ಟು ಸಲ ನೆನಪಿರುತ್ತದೆ? ಕೆಳಗೆ ಮುಟ್ಟಿದ ಮೇಲೆ ಪ್ಲಗ್ ಬಿಚ್ಚಿ ನೋಡಿದರೆ ಎರಡೂ ಒಣಗಿ ಬೂದಿ ಬಣ್ಣ. ಪಂಪನ್ನು ಮತ್ತೆ ಹಾಕಿ ಅದೇ ರಸ್ತೆ ಇಳಿದು ಬಿಚ್ಚಿದಾಗ ಕಾಫಿ ಪುಡಿ ಬಣ್ಣ, ಮೇಲೆ ಸಣ್ಣ ಜಿಡ್ಡು. ನನಗೆ ಅಷ್ಟು ಸಾಕಾಯಿತು.

ಪಂಪಿಗೆ ಹೆದರುವ ಬದಲು ಅದನ್ನು ನೋಡಿಕೊಳ್ಳುವುದು ಕಲಿಯಿರಿ. ಕೊಳವೆಯಲ್ಲಿ ಗಾಳಿ ಗುಳ್ಳೆ ಉಳಿಯದ ಹಾಗೆ ಬ್ಲೀಡ್ ಮಾಡಬೇಕು. ಕೇಬಲ್ ಹಿಗ್ಗಿದರೆ ಕಾರ್ಬುರೇಟರ್ ತೆರೆದರೂ ಪಂಪ್ ಹಿಂದುಳಿಯುತ್ತದೆ, ಹಾಗಾಗಿ ಪಂಪಿನ ಗಾಲಿಯ ಮೇಲಿನ ಗುರುತನ್ನು ತಿಂಗಳಿಗೊಮ್ಮೆ ನೋಡಬೇಕು. ಕಪ್ಪಾಗಿದ್ದ ಹಳೇ ಕೊಳವೆಗಳನ್ನು ತೆಗೆದು ಪಾರದರ್ಶಕ ಕೊಳವೆ ಹಾಕಿದ್ದೇನೆ, ಆಯಿಲ್ ಹರಿಯುವುದು ಕಣ್ಣಿಗೇ ಕಾಣುತ್ತದೆ. ಸಾಬ್ರು ಈಗಲೂ ಒಪ್ಪಿಲ್ಲ. ಉಜಿರೆಯಿಂದ ಹತ್ತುವಾಗ ಪಂಪ್ ನಿಂತರೆ ಏನು ಮಾಡ್ತೀರಿ ಅನ್ನುತ್ತಾರೆ. ಅವರ ಸಮಾಧಾನಕ್ಕೂ ನನ್ನ ಸಮಾಧಾನಕ್ಕೂ ಲೀಟರಿಗೆ 5 ಎಂಎಲ್ ಟ್ಯಾಂಕಿಗೂ ಹಾಕುತ್ತೇನೆ.

ಇದಕ್ಕೆ ಇವತ್ತಿನ ಪೆಟ್ರೋಲಿನ ಮಾತೂ ಸೇರುತ್ತದೆ. ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥೆನಾಲ್. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ ಟೂ ಸ್ಟ್ರೋಕಿನ ಶತ್ರು. ಎರಡೂ ಕಾರ್ಬುರೇಟರಿನಲ್ಲಿ ಮೇನ್ ಜೆಟ್ ಒಂದು ಸೈಜು ಏರಿಸಿದ ಮೇಲೆ ಏರಿನಲ್ಲಿ ಬರುತ್ತಿದ್ದ ಟಿಕ್ ಟಿಕ್ ಸದ್ದು ನಿಂತಿತು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಜೂನ್-ಜುಲೈಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು ಕೂರುತ್ತದೆ. ಓಡಿಸದಿದ್ದರೆ ಟ್ಯಾಂಕೂ ಕಾರ್ಬುರೇಟರೂ ಖಾಲಿ ಮಾಡಿ ಇಡುವುದೇ ಒಳ್ಳೆಯದು. ತುಕ್ಕಿಗೆಂದು ಮೊದಲು ಟ್ಯಾಂಕಿನೊಳಗೆ ಬಳಿಸಿದ್ದ ಎಪಾಕ್ಸಿ ಲೇಪ ಆರು ತಿಂಗಳಲ್ಲಿ ಹಾಲಿನ ಕೆನೆಯ ಹಾಗೆ ಎದ್ದು ಬಂದು ಜೆಟ್ ಕಟ್ಟಿಸಿತ್ತು. ಆಮೇಲೆ ಲೇಪದ ಸಹವಾಸ ಬಿಟ್ಟು ತುಕ್ಕನ್ನು ಪೂರ್ತಿ ತೆಗೆಸಿ, ಬರೀ ಲೋಹದ ಟ್ಯಾಂಕನ್ನೇ ಬಳಸುತ್ತಿದ್ದೇನೆ.

ಪಾಯಿಂಟೋ, ಸಿಡಿಐಯೋ

ಮೂಲ ಏರ್ಪಾಡಿನಲ್ಲಿ ಎರಡು ಸಿಲಿಂಡರಿಗೆ ಎರಡು ಪಾಯಿಂಟ್ (ಸರಿಯಾದ ಕ್ಷಣಕ್ಕೆ ತೆರೆದು ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್ಚು), ಎರಡು ಕಂಡೆನ್ಸರ್. ಪಿಸ್ಟನ್ ಮೇಲಿನ ತುದಿ ಮುಟ್ಟಲು ಸುಮಾರು 2 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು. ಪ್ಲಗ್ಗಿನ ತೂತಿನಲ್ಲಿ ಡಯಲ್ ಗೇಜ್ ನಿಲ್ಲಿಸಿ ಎರಡನ್ನೂ ಬೇರೆ ಬೇರೆ ಹೊಂದಿಸಬೇಕು. ಈ ಕೆಲಸ ನನಗೆ ಇಷ್ಟ. ಭಾನುವಾರ ಬೆಳಿಗ್ಗೆ ಗೇಜಿನ ಮುಳ್ಳು ನೋಡುತ್ತಾ, ಕ್ರ್ಯಾಂಕನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡುತ್ತಾ, ಬಲ್ಬ್ ಮಿನುಗುವ ಕ್ಷಣ ಹಿಡಿಯುವುದರಲ್ಲಿ ಒಂದು ಸುಖ ಇದೆ. ಆದರೆ ಪಾಯಿಂಟಿನ ಫೈಬರ್ ತುಂಡು ಸವೆದಂತೆ ಗ್ಯಾಪ್ ಕಡಿಮೆಯಾಗಿ ಕಿಡಿಯ ಟೈಮಿಂಗ್ ಹಿಂದೆ ಬೀಳುತ್ತದೆ. ಈಗ ಸಿಗುವ ಪಾಯಿಂಟುಗಳ ಫೈಬರ್ ಸಾವಿರ ಕಿಲೋಮೀಟರ್ ಕಂಡರೆ ಹೆಚ್ಚು. ಇನ್ನೊಂದು ಕಷ್ಟ: ಈ ಗಾಡಿಯಲ್ಲಿ ಬ್ಯಾಟರಿ ಸತ್ತರೆ ಕಿಡಿಯೇ ಇಲ್ಲ. ಮಳೆಗಾಲದಲ್ಲಿ ಬ್ಯಾಟರಿ ಎರಡು ಸಲ ಕೈಕೊಟ್ಟಿತು.

ಎದುರಾಳಿಯಾಗಿ ಹಾಕಿದ್ದು ಹೊರಗಿನಿಂದ ತರಿಸಿದ ಸಿಡಿಐ ಕಿಟ್, ಅಂದರೆ ಪಾಯಿಂಟೇ ಇಲ್ಲದೆ ಎಲೆಕ್ಟ್ರಾನಿಕ್ ಡಬ್ಬಿಯಿಂದ ಕಿಡಿ ಕೊಡುವ ಏರ್ಪಾಡು. ಮೂಲ ರೋಟರ್, ಸ್ಟೇಟರ್ ಎರಡನ್ನೂ ತೆಗೆದು, ಆ ಜಾಗದಲ್ಲಿ ಕಾಯಂ ಆಯಸ್ಕಾಂತದ ರೋಟರ್ ಕೂರಿಸುತ್ತದೆ. ಕಿಡಿಗೂ ಬ್ಯಾಟರಿಗೂ ಸಂಬಂಧವೇ ಉಳಿಯುವುದಿಲ್ಲ. ಸುಂಕ ಸೇರಿ ಬಿದ್ದ ಖರ್ಚು ಬಹಳ ಆಯಿತು, ಇಡೀ ಗಾಡಿಗೆ ಕ್ರ್ಯಾಂಕ್ ಬಿಟ್ಟರೆ ಇದೇ ದೊಡ್ಡ ಖರ್ಚು. ಹಾಕಿದ ಮರುದಿನ ಡಿಸೆಂಬರಿನ ಚಳಿಯಲ್ಲಿ ಒಂದೇ ಕಿಕ್ಕಿಗೆ ಹೊತ್ತಿಕೊಂಡಿತು. ಐಡ್ಲಿಂಗಿನಲ್ಲಿ ಎರಡು ಸಿಲಿಂಡರೂ ಒಂದೇ ಲಯದಲ್ಲಿ ಬಡಿಯುವುದನ್ನು ಆವತ್ತೇ ಮೊದಲು ಕೇಳಿದ್ದು. ಎಂಟು ಸಾವಿರ ಕಿಲೋಮೀಟರ್ ಆಗಿದೆ, ಟೈಮಿಂಗ್ ಅಲ್ಲಾಡಿಲ್ಲ.

ಪಾಯಿಂಟಿನ ಪರವಾಗಿ ಹೇಳಬೇಕಾದದ್ದು ಒಂದಿದೆ. ಪಾಯಿಂಟ್ ದಾರಿಯಲ್ಲಿ ಕೈಕೊಟ್ಟರೆ ಒಂದು ಚೂರು ಎಮೆರಿ ಕಾಗದ ಇದ್ದರೆ ಮನೆ ಸೇರಬಹುದು. ಸಿಡಿಐ ಡಬ್ಬಿ ಸತ್ತರೆ ತಳ್ಳುವುದೇ. ಅಷ್ಟಾದರೂ ನನ್ನ ಆಯ್ಕೆ ಸಿಡಿಐ. ಒಂದು ಎಚ್ಚರಿಕೆ: ಮೂಲ ರೋಟರನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬೇಡಿ, ಪುಲ್ಲರ್ ಬೋಲ್ಟ್ ಬಳಸಿ. ಹೊಡೆದರೆ ಸರಿಮಾಡಿಸಿದ ಕ್ರ್ಯಾಂಕ್ ಮತ್ತೆ ಸೊಟ್ಟಗಾಗುತ್ತದೆ.

ಸೈಲೆನ್ಸರ್, ಬೆಳಕು, ಟೈರು

ಸೈಲೆನ್ಸರಿನ ವಿಷಯ ಚಿಕ್ಕದು. ಎಕ್ಸ್‌ಪ್ಯಾನ್ಷನ್ ಚೇಂಬರ್ ಅನ್ನುವ ರೇಸಿಂಗ್ ಸೈಲೆನ್ಸರನ್ನು ಸ್ನೇಹಿತರಿಂದ ತಂದು ಒಂದು ತಿಂಗಳು ಹಾಕಿ ನೋಡಿದೆ. ಅದರ ಉಬ್ಬಿದ ಹೊಟ್ಟೆ ಬರೀ ಆಕಾರಕ್ಕಲ್ಲ. ಹೊರಗೆ ಹೋದ ಒತ್ತಡದ ಅಲೆ ಅಲ್ಲಿಂದ ತಿರುಗಿ ಬಂದು, ತಪ್ಪಿಸಿಕೊಳ್ಳುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆದರೆ ಆ ಅಲೆ ಸರಿಯಾದ ಹೊತ್ತಿಗೆ ಬರುವುದು ಒಂದು ವೇಗದ ಆಸುಪಾಸಿನಲ್ಲಿ ಮಾತ್ರ. ಆರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಗಾಡಿ ಹಾರಿದಂತೆ ಹೋಗುತ್ತಿತ್ತು, ಅದರ ಕೆಳಗೆ ಮಂಕು. ಘಾಟಿಯ ತಿರುವಿನಿಂದ ಎದ್ದು ಬರಲು ಬೇಕಾದ ಶಕ್ತಿ ಇರಬೇಕಾದದ್ದು ಕೆಳಗೇ. ಸದ್ದಿಗೆ ಚಿಕ್ಕಮ್ಮ ಬಾಗಿಲು ಹಾಕಿಕೊಂಡರು, ತೋಟದ ನಾಯಿಗಳೆಲ್ಲ ಬೊಗಳಿದವು. ಮೂಲ ಸೈಲೆನ್ಸರಿನ ಒಳಗಿನ ಬ್ಯಾಫಲ್ ಬಿಚ್ಚಿ ಮಸಿ ಸುಟ್ಟು ತೆಗೆದು ಮತ್ತೆ ಹಾಕಿದೆ. ಹೈ ಟಾರ್ಕಿಗೆ ಅದಕ್ಕಿಂತ ಹೊಂದುವ ಸೈಲೆನ್ಸರ್ ಇಲ್ಲ.

ಬೆಳಕಿನಲ್ಲಿ ನನ್ನ ಅಂದಾಜು ತಲೆಕೆಳಗಾಯಿತು. ಎಲ್‌ಇಡಿಯೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಮೂಲ ಗಾಜಿನ ಹಿಂದೆ ಎಲ್‌ಇಡಿ ಹಾಕಿದರೆ ಬೆಳಕು ಏನೋ ಜಾಸ್ತಿ, ಆದರೆ ಚೆಲ್ಲಾಪಿಲ್ಲಿ. ಹಳೇ ಕನ್ನಡಿಯನ್ನು ಮಾಡಿರುವುದು ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ, ಎಲ್‌ಇಡಿಯ ಬೆಳಕು ಹುಟ್ಟುವುದು ಬೇರೆ ಜಾಗದಲ್ಲಿ. ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಘಾಟಿಯ ಮಂಜಿನಲ್ಲಂತೂ ಆ ಬಿಳಿ ಬೆಳಕು ಗೋಡೆಯಾಗಿ ನನಗೇ ತಿರುಗಿ ಬಂತು. ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿದೆ: ಬ್ಯಾಟರಿಯಲ್ಲಿ 12.5 ವೋಲ್ಟ್, ಹೆಡ್‌ಲೈಟ್ ಬಲ್ಬಿನಲ್ಲಿ 10.2. ನಲವತ್ತು ವರ್ಷದ ವೈರು, ಸ್ವಿಚ್ಚು ಸೇರಿ ಎರಡು ವೋಲ್ಟಿಗಿಂತ ಜಾಸ್ತಿ ನುಂಗುತ್ತಿದ್ದವು. ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ ಲೈನ್ ಎಳೆದು ರಿಲೇ ಹಾಕಿದೆ. ಹಳೇ 35 ವ್ಯಾಟ್ ಬಲ್ಬೇ ಎರಡರಷ್ಟು ಉರಿದ ಹಾಗೆ ಕಂಡಿತು. 300 ರೂಪಾಯಿ ಕೆಲಸ. ಮಂಜಿನಲ್ಲಿ ಆ ಹಳದಿ ಬೆಳಕು ರಸ್ತೆಯ ಅಂಚನ್ನು ತೋರಿಸುತ್ತದೆ. ಹಿಂದಿನ ಲೈಟು, ಇಂಡಿಕೇಟರಿಗೆ ಮಾತ್ರ ಎಲ್‌ಇಡಿ ಇಟ್ಟುಕೊಂಡಿದ್ದೇನೆ.

ಟೈರಿನಲ್ಲಿ ಹಳೇ ಮಾದರಿಯ ಗೆರೆ ಟೈರು ಚೆಂದ ಕಾಣುತ್ತದೆ, ಒದ್ದೆ ರಸ್ತೆಯಲ್ಲಿ ನಂಬಿಕೆ ಇಲ್ಲ. ಮುಂದೆ 90/90-18, ಹಿಂದೆ 100/90-18 ಹೊಸ ಮೃದು ಟೈರು ಹಾಕಿ. ಇದರಲ್ಲಿ ಎರಡನೇ ಯೋಚನೆ ಬೇಡ.

ಬಿಚ್ಚಿಟ್ಟ ಮೂಲ ಭಾಗಗಳನ್ನು ಏನು ಮಾಡುವುದು ಅಂತ ಕೇಳುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ತುಂಬಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆ ನೋಂದಣಿಯಾದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲ, ಪ್ರದರ್ಶನ, ರ್‍ಯಾಲಿಯಂಥದ್ದಕ್ಕೆ ಮಾತ್ರ. ನಮ್ಮ ಗಾಡಿಗೆ 50 ತುಂಬುವುದು 2034ಕ್ಕೆ. ಆಗ ಆ ದಾರಿ ಹಿಡಿಯುತ್ತೇನೋ, ಓಡಿಸುತ್ತಲೇ ಇರುತ್ತೇನೋ, ಆ ತೀರ್ಮಾನ ನನ್ನ ಕೈಯಲ್ಲಿ ಉಳಿಯಬೇಕು. ಮೂಲ ಫೋರ್ಕು, ಡ್ರಮ್ ಚಕ್ರ, ಪಾಯಿಂಟ್ ಪ್ಲೇಟು, ರೋಟರ್ ಎಲ್ಲಕ್ಕೂ ಗ್ರೀಸ್ ಬಳಿದು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಹೋದ ತಿಂಗಳು ಚಿಕ್ಕಪ್ಪ ಮೂವತ್ತು ವರ್ಷದ ಮೇಲೆ ಮೊದಲ ಸಲ ತಾವೇ ಓಡಿಸುತ್ತೇನೆ ಅಂದರು. ತೋಟದ ಗೇಟಿನಿಂದ ರಸ್ತೆ ತನಕ ಹೋಗಿ ತಿರುಗಿಸಿಕೊಂಡು ಬಂದರು. ಗೇಟಿನ ಹತ್ತಿರ ಹಳೇ ಅಭ್ಯಾಸದಂತೆ ನಾಲ್ಕೂ ಬೆರಳು ಹಾಕಿ ಬ್ರೇಕ್ ಹಿಂಡಿದ್ದಕ್ಕೆ ಗಾಡಿ ಗಕ್ಕನೆ ಮೂಗು ತಗ್ಗಿಸಿ ನಿಂತಿತು. ಒಂದು ಕ್ಷಣ ಡಿಸ್ಕನ್ನೇ ನೋಡಿದರು.

"ಹಳೇ ಚಕ್ರ ಎಲ್ಲಿ ಮಗಾ?"

"ಅಟ್ಟದ ಮೇಲಿದೆ ಚಿಕ್ಕಪ್ಪ. ಹಾಕ್ಲಾ?"

"ಬ್ಯಾಡ, ಇರ್ಲಿ ಬಿಡು. ಘಾಟಿಗೆ ಇದೇ ಸರಿ" ಅಂದು, ಎರಡು ಬೆರಳು ಲಿವರಿನ ಮೇಲೆ ಇಟ್ಟುಕೊಂಡು ಇನ್ನೊಂದು ಸುತ್ತು ಹೊರಟರು.